ಬಫರಿನಲ್ಲಿ ಮುರಿದ ‘ಲಕ್ಷ್ಮಿ’
(ಗಾದಿಗನೂರಿನಲ್ಲಿ ಯುವಕರ ಮುಂದೆ ಆಡಿದ ಮಾತುಗಳು)



ನಾನು ಪಿಯುಸಿ ಓದಿದವನು, ಪ್ರೆಸ್ ನಡೆಸುವವನು. ಕಂಪ್ಯೂಟರ್ ಒಳಗಿನ ಮಾತು ಇವನಿಗೇಕೆ ಎನ್ನಬೇಡಿ. ಒಂದು ಮದುವೆ ಪತ್ರಿಕೆಯ ಪ್ರೂಫಿನಲ್ಲಿ ‘ಲಕ್ಷ್ಮಿ’ಯ ನಡುವೆ ಪ್ರಶ್ನೆ ಚಿಹ್ನೆ ಬಂತು. “ಏನ್ರೀ, ನನ್ ಮಗಳ ಹೆಸರಿಗೇ ಪ್ರಶ್ನೆ ಹಾಕೀರಲ್ಲ?” ಎಂದರು ಹುಡುಗಿಯ ತಂದೆ. ತಲೆ ತಗ್ಗಿಸಿದೆ. ಊರಿನ ಇಂಜಿನಿಯರ್ ಹುಡುಗನೊಬ್ಬ ಪಕ್ಕದಲ್ಲಿ ಕೂತು ಕಾರಣ ತೋರಿಸಿಕೊಟ್ಟ.

ನಮ್ಮ ತುಂಗಭದ್ರಾ ಜಲಾಶಯ ನೋಡಿ. ಮಲೆನಾಡಿನ ಮಳೆ ಒಮ್ಮೆಲೇ ಬರುತ್ತದೆ, ಕಾಲುವೆ ಮೆಲ್ಲಗೆ ಹರಿಯುತ್ತದೆ. ನಡುವೆ ನೀರು ಹಿಡಿದಿಡುವುದು ಅಣೆಕಟ್ಟು. ಬಫರ್ ಎಂದರೆ ಇದೇ. ಕಂಪ್ಯೂಟರ್ ಚುರುಕು, ಪ್ರಿಂಟರ್ ನಿಧಾನ. ಪ್ರಿಂಟರನ್ನು ನಡೆಸುವ ತಂತ್ರಾಂಶವಾದ ಡಿವೈಸ್ ಡ್ರೈವರ್, ಮೆಮೊರಿಯಲ್ಲಿ ಒಂದಿಷ್ಟು ಜಾಗ ಹಿಡಿದು ಬೈಟುಗಳನ್ನು ತುಂಬಿಕೊಳ್ಳುತ್ತದೆ. ತುಂಬಿದರೆ ಕಳಿಸುವವರನ್ನು ತಡೆಯಬೇಕು. ಪ್ರಿಂಟರ್ ‘ಆಯಿತು’ ಎಂದಾಗ ಮುಂದಿನ ಕಂತು ಬಿಡಬೇಕು. ಲೆಕ್ಕ ತಪ್ಪಿದರೆ ಬೈಟುಗಳು ಕೊಚ್ಚಿಹೋಗುತ್ತವೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕಿತ್ತುಹೋಗಿ ನೀರು ನದಿಪಾಲಾದದ್ದು ಮರೆತಿಲ್ಲವಲ್ಲ?

ಈಗ ಕನ್ನಡಕ್ಕೆ ಬನ್ನಿ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ 1 ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. ‘ಲಕ್ಷ್ಮಿ’ ಎಂಬ ಎರಡಕ್ಷರದ ಹೆಸರಿನಲ್ಲಿ 7 ಸಂಕೇತ, ಅಂದರೆ 21 ಬೈಟು! 512 ಬೈಟಿನ ಬಫರಿಗೆ 170 ಸಂಕೇತ ಹಿಡಿದು 2 ಬೈಟಿನ ಜಾಗ ಮಿಗುತ್ತದೆ. 171ನೆಯದರ ಎರಡು ಪಾಲು ಈ ಕಂತಿನಲ್ಲಿ, ಒಂದು ಪಾಲು ಮುಂದಿನದರಲ್ಲಿ. ಬೈಟು ಸಾಗಿಸುವ ಡ್ರೈವರಿನ ತಪ್ಪಲ್ಲ ಅದು. ಪ್ರತಿ ಕಂತೂ ಪೂರ್ತಿ ಎಂದು ನಂಬಿ ಓದುವ ಪ್ರೋಗ್ರಾಮಿನ ತಪ್ಪು. ಪ್ರಶ್ನೆ ಚಿಹ್ನೆ ಹುಟ್ಟಿದ್ದು ಅಲ್ಲಿ.

ನಮ್ಮಪ್ಪ ಮೊಳೆ ಜೋಡಿಸುತ್ತಿದ್ದಾಗ ಸಾಲಿಗೆ ಹಿಡಿಸದ ಅಕ್ಷರವನ್ನು ಒತ್ತಿನ ಸಮೇತ ಕೆಳಸಾಲಿಗೆ ಒಯ್ಯುತ್ತಿದ್ದರು. ಒತ್ತನ್ನು ಎಂದೂ ಅಗಲಿಸಲಿಲ್ಲ. ಪ್ರೋಗ್ರಾಮೂ ಅಷ್ಟೇ ಮಾಡಬೇಕು: ಮಿಕ್ಕ 2 ಬೈಟು ಎತ್ತಿಟ್ಟು ಮುಂದಿನ ಕಂತಿನ ತಲೆಗೆ ಸೇರಿಸಬೇಕು.

1991ರಲ್ಲಿ ಹುಟ್ಟಿದ ಲಿನಕ್ಸ್‌ನ ಕಥೆಯೂ ಇದೇ. ಟರ್ಮಿನಲ್‌ನ ಸಾಲಿನ ಬಫರಿನಲ್ಲಿ ಅಳಿಸುವ ಕೀ ಒತ್ತಿದರೆ ಒಂದೇ ಬೈಟು ಅಳಿದು, ಮುರಿದ ಅಕ್ಷರ ಉಳಿಯುತ್ತಿತ್ತು. 2004ರ 2.6.4 ಆವೃತ್ತಿಯಲ್ಲಿ ‘ಐಯುಟಿಎಫ್8’ ಎಂಬ ಸೌಲಭ್ಯ ಸೇರಿದ ಮೇಲೆ ಇದಕ್ಕೆ ಪರಿಹಾರ ಸಿಕ್ಕಿತು. ಆಗಲೂ ಅಳಿಯುವುದು ಒಂದು ಸಂಕೇತ. ‘ಕ್ಷ’ ಪೂರ್ತಿ ಹೋಗಲು 3 ಸಲ ಒತ್ತಬೇಕು. ಲಿನಕ್ಸ್‌ನ ಕೋಡು ಎಲ್ಲರಿಗೂ ತೆರೆದಿದೆ. ನಾವು ತಿದ್ದದೆ ಇನ್ಯಾರು ತಿದ್ದಬೇಕು?

ಬೆಂಗಳೂರಿನಲ್ಲಿ ಕೋಡು ಬರೆಯುವ ತಮ್ಮಂದಿರೇ, ನಾಮಫಲಕದಲ್ಲಿ ಕನ್ನಡ ಕೇಳಿ, ಸರಿಯೇ. ಬಫರಿನೊಳಗೂ ಕನ್ನಡ ಕೇಳಿ. ನಿಮ್ಮ ಪ್ರೋಗ್ರಾಮನ್ನು ಪರೀಕ್ಷಿಸುವಾಗ ಬರೀ ‘ಎಬಿಸಿ’ ಹಾಕಬೇಡಿ. ಬಫರಿನ ಅಂಚಿಗೆ ಸರಿಯಾಗಿ ಬೀಳುವಂತೆ ‘ಲಕ್ಷ್ಮಿ’ ಹಾಕಿ. ಅವಳು ಮುರಿಯದೆ ದಾಟಿದರೆ ಕನ್ನಡ ದಾಟಿದಂತೆ.

ಸಿರಿಗನ್ನಡಂ ಗೆಲ್ಗೆ!