ವಠಾರದ ಕಿಟಕಿಯಿಂದ ಕಂಡ ಕಾವ್ಯ



ಈ ಕವಿಗೋಷ್ಠಿಯ ಅಧ್ಯಕ್ಷ ಪೀಠದಲ್ಲಿ ನನ್ನನ್ನು ಕೂರಿಸಿದ್ದೀರಿ. ಈ ಹೊತ್ತು ಒಬ್ಬ ಕವಯಿತ್ರಿಯ ಬಗ್ಗೆಯಷ್ಟೇ ಮಾತಾಡುತ್ತೇನೆ. ಹೆಸರು ಗ್ವೆಂಡೊಲಿನ್ ಬ್ರೂಕ್ಸ್. ಹುಟ್ಟಿದ್ದು 1917ರಲ್ಲಿ, ಅಮೆರಿಕದ ಕ್ಯಾನ್ಸಾಸ್ ರಾಜ್ಯದಲ್ಲಿ. ಬೆಳೆದದ್ದು, ಬಾಳಿದ್ದು, 2000ದಲ್ಲಿ ಕಣ್ಣು ಮುಚ್ಚಿದ್ದು ಎಲ್ಲ ಶಿಕಾಗೋದಲ್ಲಿ. ತಂದೆ ವೈದ್ಯನಾಗುವ ಆಸೆಯಿಂದ ಫಿಸ್ಕ್ ವಿಶ್ವವಿದ್ಯಾಲಯಕ್ಕೆ ಒಂದು ವರ್ಷ ಹೋಗಿ, ಕೊನೆಗೆ ಕಟ್ಟಡ ಗುಡಿಸಿ ಒರೆಸುವ ಕೆಲಸಕ್ಕೆ ನಿಂತವರು. ಮಗಳ ಪದ್ಯ ಮೊದಲ ಸಲ ಅಚ್ಚಾದಾಗ ಅವಳಿಗೆ 13 ವರ್ಷ.

ಬಿಳಿಯರ ಬಡಾವಣೆಯ ಮನೆಯನ್ನು ಕಪ್ಪು ಜನರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂದು ಆಗಿನ ಶಿಕಾಗೋದ ಕರಾರುಪತ್ರಗಳಲ್ಲೇ ಬರೆದಿರುತ್ತಿತ್ತು. ದಕ್ಷಿಣದ ರಾಜ್ಯಗಳಿಂದ ಕೂಲಿ ಅರಸಿ ಬಂದ ಕಪ್ಪು ಜನರೆಲ್ಲ ನಗರದ ದಕ್ಷಿಣ ಭಾಗವಾದ ಸೌತ್ ಸೈಡ್‌ನ ಇಕ್ಕಟ್ಟಿನೊಳಗೇ ತುಂಬಿಕೊಂಡರು. ಮಾಲೀಕರು ದೊಡ್ಡ ಮನೆಗಳನ್ನು ಒಡೆದು ಗೂಡಿನಂಥ ಕೋಣೆ ಮಾಡಿ ಬಾಡಿಗೆ ಎತ್ತಿದರು. ಹತ್ತಾರು ಜನಕ್ಕೆ ಒಂದೇ ಬಚ್ಚಲು. ವಠಾರ ಎಂದರೆ ನಮಗೆ ಅರ್ಥವಾದೀತು. ಮದುವೆಯಾದ ಮೇಲೆ ಬ್ರೂಕ್ಸ್ ಸಂಸಾರ ಹೂಡಿದ್ದೂ ಇಂಥ ಕೋಣೆಗಳಲ್ಲೇ. ಪದ್ಯಕ್ಕಾಗಿ ಅವರು ಬೇರೆಲ್ಲೂ ಹೋಗಲಿಲ್ಲ, ಕಿಟಕಿಯಿಂದ ಕೆಳಗೆ ನೋಡಿದರು. ಪಕ್ಕದ ಮನೆಯ ಒಗ್ಗರಣೆಯ ಘಾಟು, ಬಚ್ಚಲಿಗೆ ಕಾಯುವ ಸರದಿ, ಮಕ್ಕಳನ್ನು ಕಳೆದುಕೊಂಡ ತಾಯಂದಿರು, ಯುದ್ಧದಿಂದ ಮರಳಿದ ಹುಡುಗರು – ಎಲ್ಲರೂ ಆ ಕೇರಿಯ ಹೆಸರನ್ನೇ ಹೊತ್ತ 1945ರ ‘ಎ ಸ್ಟ್ರೀಟ್ ಇನ್ ಬ್ರಾಂಜ್‌ವಿಲ್’ ಸಂಕಲನಕ್ಕೆ ಬಂದರು. ಯುರೋಪಿನ ಸಾನೆಟ್ಟಿನೊಳಕ್ಕೆ ಆ ಬೀದಿ ಪೂರಾ ನಡೆದು ಬಂತು.

1950ರಲ್ಲಿ ‘ಆನೀ ಆಲೆನ್’ ಸಂಕಲನಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಆ ಪ್ರಶಸ್ತಿ ಕಪ್ಪು ಜನಾಂಗದವರೊಬ್ಬರಿಗೆ ಸಂದದ್ದು ಅದೇ ಮೊದಲು. ಸುದ್ದಿ ಬಂದ ಸಂಜೆ ಮನೆಯಲ್ಲಿ ದೀಪವಿರಲಿಲ್ಲ. ಬಿಲ್ಲು ಕಟ್ಟಲಾಗದೆ ಕರೆಂಟು ಹೋಗಿತ್ತು. ಬ್ರೂಕ್ಸ್ ಮತ್ತು ಅವರ ಮಗ ಆ ಕತ್ತಲಲ್ಲೇ ಕುಣಿದರಂತೆ.

ಆದರೆ ನನ್ನನ್ನು ಬಹುಕಾಲದಿಂದ ಹಿಡಿದು ನಿಲ್ಲಿಸಿರುವುದು ಈ ಪ್ರಶಸ್ತಿಯಲ್ಲ, 1967. ತಂದೆ ಓದು ಬಿಟ್ಟು ಬಂದಿದ್ದ ಅದೇ ಫಿಸ್ಕ್‌ನಲ್ಲಿ ಕಪ್ಪು ಬರಹಗಾರರ ಸಮ್ಮೇಳನ ನಡೆಯಿತು. ಐವತ್ತರ ಹೊಸ್ತಿಲಲ್ಲಿದ್ದ ಬ್ರೂಕ್ಸ್ ಅಲ್ಲಿಗೆ ಹೋದರು. ಅಮಿರಿ ಬರಾಕಾ ಮೊದಲಾದ ಕಿರಿಯ ಬರಹಗಾರರ ಕಾವು ಏರಿತ್ತು. ಈ ಹಿರಿಯಕ್ಕನಿಗೆ ಮರ್ಯಾದೆ ಸಿಕ್ಕಿತು, ಅಕ್ಕರೆ ಸಿಗಲಿಲ್ಲ. ಎಲ್ಲ ಪಡೆದ ಕವಿಗೆ ಮುನಿಸಿಕೊಂಡು ಮನೆಗೆ ಹೋಗುವುದು ಸುಲಭವಿತ್ತು. ಅವರು ಕಲಿಯಲು ಕೂತರು. ಯಾರಿಗಾಗಿ ಬರೆಯುತ್ತಿದ್ದೇನೆ ಎಂದು ತಮ್ಮನ್ನೇ ಕೇಳಿಕೊಂಡರು. ಊರಿಗೆ ಬಂದು, ಪೊಲೀಸರ ಕಣ್ಣಿಗೆ ಬಿದ್ದಿದ್ದ ‘ಬ್ಲ್ಯಾಕ್‌ಸ್ಟೋನ್ ರೇಂಜರ್ಸ್’ ಗುಂಪಿನ ಹುಡುಗರಿಗೆ ಕಾವ್ಯ ಕಮ್ಮಟ ನಡೆಸಿದರು. ನ್ಯೂಯಾರ್ಕಿನ ದೊಡ್ಡ ಪ್ರಕಾಶಕರನ್ನು ಬಿಟ್ಟು, ಡೆಟ್ರಾಯಿಟ್‌ನಲ್ಲಿ ಗ್ರಂಥಪಾಲಕ ಡಡ್ಲಿ ರ್‍ಯಾಂಡಲ್ ನಡೆಸುತ್ತಿದ್ದ ಪುಟ್ಟ ಬ್ರಾಡ್‌ಸೈಡ್ ಪ್ರೆಸ್‌ಗೆ ಹಸ್ತಪ್ರತಿ ಕೊಟ್ಟರು. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದಾಗ ಹೊತ್ತಿ ಉರಿದ ಶಿಕಾಗೋ ಕುರಿತ ‘ರಾಯಟ್’ ಪುಸ್ತಕ 1969ರಲ್ಲಿ ಹೊರಬಂದದ್ದು ಅಲ್ಲಿಂದ. ಆಮೇಲಿನ ಕಾವ್ಯ ತೆಳುವಾಯಿತು ಎನ್ನುವ ವಿಮರ್ಶಕರಿದ್ದಾರೆ. ನಾನು ಒಪ್ಪುವುದಿಲ್ಲ. ಸಾನೆಟ್ಟಿನ ಕಸುಬು ಅವರ ಕೈ ಬಿಟ್ಟಿರಲಿಲ್ಲ. ಆದರೆ ಈಗ ಹೆಂಡದಂಗಡಿಯಲ್ಲಿ ಕೂತವನಿಗೂ ಕೇಳಿಸುವ ಪದ್ಯ ಅವರಿಗೆ ಬೇಕಾಗಿತ್ತು.

1968ರಲ್ಲಿ ಇಲಿನಾಯ್ ರಾಜ್ಯದ ಆಸ್ಥಾನ ಕವಿಯಾದರು, ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಶಾಲೆಗಳಿಗೆ, ಜೈಲುಗಳಿಗೆ ಹೋಗಿ ಪದ್ಯ ಓದಿದರು, ಓದಿಸಿದರು. ಪ್ರಾಥಮಿಕ, ಪ್ರೌಢಶಾಲೆಯ ಮಕ್ಕಳಿಗಾಗಿ ಕವಿತಾ ಸ್ಪರ್ಧೆ ಏರ್ಪಡಿಸಿ, ಬಹುಮಾನದ ಹಣವನ್ನು ವರ್ಷ ವರ್ಷ ತಮ್ಮ ಕೈಯಿಂದಲೇ ಕೊಟ್ಟರು. ಕರೆಂಟಿನ ಬಿಲ್ಲು ಕಟ್ಟಲಾಗದೆ ಕತ್ತಲಲ್ಲಿ ಕೂತಿದ್ದ ಅದೇ ಕೈ.

ಇನ್ನು ಕವಿಗೋಷ್ಠಿ ಶುರುವಾಗಲಿ. ಮೊದಲು ಶಾಲೆಯ ಮಕ್ಕಳು ಓದಲಿ.