ಕುಕ್ಕರ್ ಹಿಡಿಕೆ ಮತ್ತು ಒಬ್ಬ ಕಾದಂಬರಿಕಾರ

ಬೆಂಗಳೂರಿನ ಪೀಣ್ಯದ ಒಂದು ಶೆಡ್ಡಿನಲ್ಲಿ ಈ ವಾರ ಕುಕ್ಕರ್ ಹಿಡಿಕೆಗಳು ತಯಾರಾಗುತ್ತಿದ್ದವು. ಕರಿ ಪುಡಿಯನ್ನು ಅಳೆದು ಕಾದ ಡೈಯೊಳಗೆ ಸುರಿಯುವುದು, ಪ್ರೆಸ್ ಇಳಿಸುವುದು, ಒಂದೆರಡು ನಿಮಿಷ ಕಾಯುವುದು, ಮತ್ತೆ ಎತ್ತುವುದು. ಹೊರಬಂದ ಹಿಡಿಕೆಯ ಅಂಚಿಗೆ ಕಾಗದದಷ್ಟು ತೆಳುವಾದ ಪದರವೊಂದು ಅಂಟಿಕೊಂಡಿರುತ್ತದೆ. ಪಕ್ಕದ ಬೆಂಚಿನಲ್ಲಿದ್ದ ಹೆಣ್ಣುಮಗಳು ಅದನ್ನು ಅರದಿಂದ ಉಜ್ಜಿ ತೆಗೆದು, ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಕ್ರೇಟಿಗೆ ಹಾಕುತ್ತಿದ್ದಳು. ಎಲ್ಲಾದರೂ ಚುಚ್ಚಿದರೆ ಇನ್ನೊಮ್ಮೆ ಅರ. ಕಣ್ಣಿಗೆ ಕಾಣದ ತರಿಯೂ ಆ ಹೆಬ್ಬೆರಳಿಗೆ ಸಿಗುತ್ತದೆ.

ಆ ಪುಡಿಯ ಹೆಸರು ಬೇಕಲೈಟ್. ಬೆಲ್ಜಿಯಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಲಿಯೊ ಬೇಕ್‌ಲಂಡ್ 1907ರಲ್ಲಿ ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಕೂಡಿಸಿ ಇದನ್ನು ತಯಾರಿಸಿದ. ಹಳೇ ಮನೆಗಳ ಕರಿ ಸ್ವಿಚ್ಚು, ಡಯಲ್ ತಿರುಗಿಸುವ ಟೆಲಿಫೋನು, ಎಷ್ಟೋ ವಾಲ್ವ್ ರೇಡಿಯೊಗಳ ಪೆಟ್ಟಿಗೆ ಇದರಿಂದಲೇ ಆದವು. ಕನ್ನಡದ ಓದುಗರಿಗೂ ಈ ವಸ್ತುವಿಗೂ ಒಂದು ನಂಟಿದೆ. ನಮ್ಮ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬರು ತಮ್ಮ ಉದ್ಯೋಗದ ಬದುಕನ್ನು ಇಂಥ ರಾಳ, ಪ್ಲಾಸ್ಟಿಕ್ಕುಗಳ ನಡುವೆಯೇ ಕಳೆದರು. ಅವರು ಯಶವಂತ ಚಿತ್ತಾಲ.

ಚಿತ್ತಾಲರು ಹುಟ್ಟಿದ್ದು 1928ರಲ್ಲಿ, ಉತ್ತರ ಕನ್ನಡದ ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ. ಕವಿ ಗಂಗಾಧರ ಚಿತ್ತಾಲರು ಅವರ ಅಣ್ಣ. ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಓದಿದರು, ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದರು. ಬೇಕಲೈಟ್ ಹೈಲಂ ಕಂಪನಿ ಸೇರಿ ನಿರ್ದೇಶಕರ ಹುದ್ದೆಯವರೆಗೂ ಏರಿದರು. ಪಾಲಿಮರ್ ವಿಜ್ಞಾನದಲ್ಲಿ ಹೆಸರು ಮಾಡಿದರು. 2014ರಲ್ಲಿ ತೀರಿಕೊಂಡದ್ದೂ ಮುಂಬಯಿಯಲ್ಲೇ.

ಕಂಪನಿಯ ಕೆಲಸದ ನಡುವೆಯೂ ಕತೆ ಬರೆಯುವುದು ಮಾತ್ರ ನಿಲ್ಲಲಿಲ್ಲ. 1957ರಲ್ಲಿ ‘ಸಂದರ್ಶನ’ ಎಂಬ ಕಥಾಸಂಕಲನ, 1964ರಲ್ಲಿ ‘ಮೂರು ದಾರಿಗಳು’ ಕಾದಂಬರಿ. ಅದನ್ನು ಗಿರೀಶ ಕಾಸರವಳ್ಳಿ ಮುಂದೆ ಸಿನಿಮಾ ಮಾಡಿದರು. ‘ಕಥೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 1979ರಲ್ಲಿ, ‘ಶಿಕಾರಿ’ ಕಾದಂಬರಿ ಪ್ರಕಟವಾಯಿತು.

‘ಶಿಕಾರಿ’ಯ ನಾಗಪ್ಪನೂ ಹನೇಹಳ್ಳಿಯವನೇ. ಮುಂಬಯಿಯ ದೊಡ್ಡ ಕಂಪನಿಯೊಂದರಲ್ಲಿ ಅಧಿಕಾರಿ, ಒಂಟಿ ಜೀವ. ಇದ್ದಕ್ಕಿದ್ದಂತೆ ಅವನನ್ನು ಕೆಲಸದಿಂದ ದೂರ ಇಡುತ್ತಾರೆ. ಮಾಡಿದ ತಪ್ಪೇನು ಎಂದು ಬಿಡಿಸಿ ಹೇಳುವವರಿಲ್ಲ. ಇದರ ಹಿಂದೆ ಯಾರಿದ್ದಾರೆ, ಯಾವತ್ತೋ ಆಡಿದ ಯಾವ ಮಾತು ಯಾರ ಕಿವಿಗೆ ಬಿತ್ತು, ನಿನ್ನೆಯವರೆಗೆ ಜೊತೆಗಿದ್ದವನು ಇವತ್ತು ಯಾಕೆ ಮುಖ ತಪ್ಪಿಸುತ್ತಿದ್ದಾನೆ ಎಂದು ಅವನು ಕೆದಕುತ್ತಾ ಹೋಗುತ್ತಾನೆ. ಕೆದಕಿದಷ್ಟೂ ಊರಿನ ಹಳೇ ಗಾಯಗಳು ಮೇಲೆ ಬರುತ್ತವೆ. ತನ್ನನ್ನು ಬೇಟೆಯಾಡುತ್ತಿದ್ದಾರೆ ಎಂಬ ಭಯದಲ್ಲಿ ಮನಸ್ಸು ಹೇಗೆಲ್ಲ ಓಡುತ್ತದೆ ಎಂಬುದನ್ನು ಕನ್ನಡದಲ್ಲಿ ಇಷ್ಟು ಹತ್ತಿರದಿಂದ ಬರೆದ ಪುಸ್ತಕಗಳು ಕಡಿಮೆ.

ಪುಸ್ತಕ ಬಂದು ನಾಲ್ಕು ದಶಕ ದಾಟಿತು. ಆಗ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳಿರಲಿಲ್ಲ, ವೈಟ್‌ಫೀಲ್ಡ್‌ನಲ್ಲಿ ಟೆಕ್ ಪಾರ್ಕ್ ಇರಲಿಲ್ಲ. ಆದರೂ ಬೆಳಿಗ್ಗೆ ಕ್ಯಾಬಿನಲ್ಲಿ ಕೂತು ಮೀಟಿಂಗಿನ ಆಹ್ವಾನ ನೋಡಿ, ಮ್ಯಾನೇಜರ್ ಜೊತೆ ಎಚ್‌ಆರ್ ಹೆಸರೂ ಯಾಕಿದೆ ಎಂದು ಎದೆ ಧಸಕ್ಕೆಂದವರಿಗೆ ನಾಗಪ್ಪ ಅಪರಿಚಿತನಲ್ಲ. ಪ್ರಾಜೆಕ್ಟ್ ಮುಗಿದು ಮುಂದಿನದಕ್ಕೆ ಕಾಯುತ್ತಾ ‘ಬೆಂಚಿನಲ್ಲಿ’ ಕೂತವರಿಗೆ, ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಎಂದು ಶಿಫ್ಟ್ ಮುಗಿಸಿ ಗೇಟಿನ ಬಳಿ ನಿಂತವರಿಗೆ ಅವನ ನಿದ್ದೆಗೆಟ್ಟ ರಾತ್ರಿಗಳು ಅರ್ಥವಾಗುತ್ತವೆ.

ಹೊಟ್ಟೆಪಾಡಿನ ಕೆಲಸವೇ ಬರವಣಿಗೆಯ ಬಂಡವಾಳವಾದದ್ದು ಬೇರೆ ಕಡೆಯೂ ಉಂಟು. ಅಮೆರಿಕದ ಹರ್ಮನ್ ಮೆಲ್ವಿಲ್ 1841ರಲ್ಲಿ ತಿಮಿಂಗಿಲ ಬೇಟೆಯ ಹಡಗು ಹತ್ತಿದ. ಹತ್ತು ವರ್ಷದ ಮೇಲೆ ಬಂದ ಅವನ ‘ಮೊಬಿ ಡಿಕ್’ನಲ್ಲಿ ಈಟಿಯ ಹಗ್ಗ ಸುತ್ತುವ ರೀತಿಯಿಂದ ಹಿಡಿದು ಹಡಗಿನ ಮೇಲೆಯೇ ತಿಮಿಂಗಿಲದ ಕೊಬ್ಬು ಕಾಯಿಸಿ ಎಣ್ಣೆ ತೆಗೆಯುವವರೆಗೆ ಆ ಕಸುಬಿನ ವಿವರಗಳೆಲ್ಲ ಇವೆ. ಮೆಲ್ವಿಲ್ ಬದುಕಿರುವಾಗ ಆ ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. ಕೊನೆಗೆ ಅವನು ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ ಹತ್ತೊಂಬತ್ತು ವರ್ಷ ನೌಕರಿ ಮಾಡಿದ.

ಕೆಲಸ ಬರವಣಿಗೆಯನ್ನು ನುಂಗಿಹಾಕುತ್ತದೆ ಎಂದು ಹೇಳುವವರಿದ್ದಾರೆ. ಎರಡು ತಾಸು ಔಟರ್ ರಿಂಗ್ ರಸ್ತೆಯಲ್ಲಿ ಸಿಕ್ಕಿಬಿದ್ದು ಮನೆ ಸೇರುವವರು ಹೀಗಂದರೆ ಅದನ್ನು ತಳ್ಳಿಹಾಕುವಂತಿಲ್ಲ. ಚಿತ್ತಾಲರ ವಿಷಯದಲ್ಲಿ ಬೇರೇನೋ ನಡೆಯಿತು. ದೊಡ್ಡ ಕಂಪನಿಯೊಳಗಿನ ಮೆಲುದನಿ, ಮೇಲಿನವರ ನಗು, ಕೆಳಗಿನವರ ಅಂಜಿಕೆ ಅವರಿಗೆ ದಿನದಿನದ ಅನುಭವ. ದೂರದಿಂದ ನೋಡಿದವರಿಗೆ ಆ ವಿವರಗಳು ಸಿಗುವುದು ಕಷ್ಟ. ಹಾಗಂತ ಆಫೀಸಿಗೆ ಹೋಗುವವರೆಲ್ಲ ಕಾದಂಬರಿ ಬರೆಯುತ್ತಾರೆ ಎಂದಲ್ಲ. ಹೊಲ, ತೋಟ, ಮಠ, ವಠಾರಗಳನ್ನು ಕನ್ನಡ ಸಾಹಿತ್ಯ ತುಂಬ ಚೆನ್ನಾಗಿ ಬಲ್ಲದು. ಡೈ ಕೂರಿಸುವವರ, ರಾತ್ರಿ ಪಾಳಿಯಲ್ಲಿ ಸರ್ವರ್ ಕಾಯುವವರ ಲೋಕ ಅದಕ್ಕೆ ಇನ್ನೂ ಅಷ್ಟಾಗಿ ಗೊತ್ತಿಲ್ಲ.

‘ಶಿಕಾರಿ’ ಈಗಲೂ ಓದಲು ಸಿಗುತ್ತದೆ. ಈ ಭಾನುವಾರ ಮೊದಲ ಐವತ್ತು ಪುಟ ಓದಿ ನೋಡಿ. ಓದಿದ ಮೇಲೆ ನಿಮ್ಮ ಲೈನಿನಲ್ಲಿ, ನಿಮ್ಮ ಫ್ಲೋರಿನಲ್ಲಿ ನಡೆಯುವುದನ್ನು ನಾಲ್ಕು ಪುಟ ಕನ್ನಡದಲ್ಲಿ ಬರೆಯಬೇಕೆನ್ನಿಸಿದರೆ, ದಯವಿಟ್ಟು ಮುಂದೂಡಬೇಡಿ.