ಹೊರದೇಶದ ಅಗ್ಗದ ವಿದ್ಯುತ್ ಸಾಮಾನು

ಪೇಟೆಯಲ್ಲಿ ವಿದ್ಯುತ್ ಸಾಮಾನು ಕೊಳ್ಳಹೋದವರೆಲ್ಲರೂ ಒಂದು ಪರೀಕ್ಷೆಯನ್ನು ಕಂಡಿರುತ್ತಾರೆ. ಅಂಗಡಿಯವನು ಸಾಮಾನನ್ನು ಪೆಟ್ಟಿಗೆಯಿಂದ ತೆಗೆದು, ಪ್ಲಗ್ಗಿಗೆ ಸಿಕ್ಕಿಸಿ, ಸ್ವಿಚ್ಚು ಒತ್ತುತ್ತಾನೆ. ದೀಪ ಹತ್ತುತ್ತದೆ, ಇಸ್ತ್ರಿಪೆಟ್ಟಿಗೆ ಕಾಯುತ್ತದೆ. “ನೋಡಿ ಸ್ವಾಮಿ, ಫಾರಿನ್ ಮಾಲು” ಎಂಬ ಮಾತೂ ಜೊತೆಗೆ ಬರುತ್ತದೆ. ನಾವು ಹಣ ಕೊಟ್ಟು ಹೊರಡುತ್ತೇವೆ. ಇದರಿಂದ ಸಾಮಾನು ಕೆಲಸ ಮಾಡುತ್ತದೆಂಬುದು ತಿಳಿಯಿತೇ ಹೊರತು, ಅದನ್ನು ಮುಟ್ಟುವವರಿಗೆ ಅಪಾಯವಿಲ್ಲವೆಂಬುದು ತಿಳಿಯಲಿಲ್ಲ. ಈ ಎರಡನ್ನೂ ಒಂದೇ ಎಂದೆಣಿಸುವುದರಿಂದಲೇ ಅನರ್ಥಗಳು ಹುಟ್ಟುತ್ತವೆ.

ಹೊರದೇಶದ್ದೆಂಬುದೇ ದೋಷವೆಂದು ನಾವು ಹೇಳುತ್ತಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 92 ಮೈಲಿ ದೂರ ವಿದ್ಯುತ್ತನ್ನು ಸಾಗಿಸಿದಾಗ, ಯಂತ್ರಗಳು ಬಂದುದು ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್ ದೇಶಗಳಿಂದ. ಆದರೆ ಅವನ್ನು ತರಿಸಿದವರು ಅವುಗಳ ಒಳಗನ್ನು ಬಲ್ಲ ಇಂಜಿನಿಯರುಗಳು. ನಾವು ನೀವು ಕೊಳ್ಳುವುದು ಪೆಟ್ಟಿಗೆಯ ಮೇಲಿನ ಬಣ್ಣವನ್ನು ನೋಡಿ. ಬೆಲೆಯನ್ನು ತಗ್ಗಿಸಬೇಕೆಂದು ಹೊರಟ ತಯಾರಕನೂ ಇದನ್ನು ಬಲ್ಲನಾದುದರಿಂದ, ಹೊರಗಿನ ಹೊಳಪಿಗೆ ಕೈಹಾಕದೆ ಕಣ್ಣಿಗೆ ಬೀಳದ ಜಾಗದಲ್ಲೇ ಕಡಿತ ಮಾಡುತ್ತಾನೆ.

ಇಂದು ಮನೆಮನೆಯಲ್ಲಿರುವ ಫೋನಿನ ಚಾರ್ಜರನ್ನೇ ನೋಡೋಣ. ಬೆಂಕಿಪೊಟ್ಟಣಕ್ಕಿಂತ ಬಹಳ ದೊಡ್ಡದಲ್ಲದ ಈ ವಸ್ತುವಿನ ಒಂದು ಕಡೆಗೆ ಗೋಡೆಯಿಂದ 230 ವೋಲ್ಟು ಬರುತ್ತದೆ. ಇನ್ನೊಂದು ಕಡೆಯಿಂದ ಕೈಗೆ ಹಾನಿಮಾಡದ 5 ವೋಲ್ಟು ಹೊರಡುತ್ತದೆ. ನಡುವೆ ಒಂದು ಪುಟ್ಟ ಟ್ರಾನ್ಸ್‌ಫಾರ್ಮರು. ಅದರ ಎರಡು ಸುರುಳಿಗಳು ಒಂದನ್ನೊಂದು ಮುಟ್ಟಲಾಗದು. ಅವುಗಳ ನಡುವೆ ನಿರೋಧಕ ಪಟ್ಟಿಗಳ ಪದರಗಳಿರಬೇಕು. ಹಲಗೆಯ ಮೇಲೂ ಎರಡು ಕಡೆಯ ವಾಹಕಗಳಿಗೆ ಐದಾರು ಮಿಲಿಮೀಟರಿನಷ್ಟು ಅಂತರ ಬೇಕು. ಕೀಳು ಸರಕನ್ನು ಬಿಚ್ಚಿ ನೋಡಿದವರು ಈ ಅಂತರ ಒಂದು ಮಿಲಿಮೀಟರೂ ಇಲ್ಲದಿರುವುದನ್ನು ಕಂಡಿದ್ದಾರೆ. ಆ ಕಿರುಜಾಗದಲ್ಲಿ ತೇವ ಸೇರಿದರೆ, ಅಥವಾ ಶಾಖದಿಂದ ಪಟ್ಟಿ ಕರಗಿದರೆ, ಗೋಡೆಯ ವಿದ್ಯುತ್ತು ನೇರವಾಗಿ ಕೈಯಲ್ಲಿರುವ ಫೋನಿಗೆ ಬರುತ್ತದೆ. ಅದುವರೆಗೆ ಚಾರ್ಜರು ತನ್ನ ಕೆಲಸವನ್ನು ಲೋಪವಿಲ್ಲದೆ ಮಾಡುತ್ತಲೇ ಇದ್ದಿರಬಹುದು.

ಇದು ಬರಿಯ ಊಹೆಯಲ್ಲ. 2014ರಲ್ಲಿ ಆಸ್ಟ್ರೇಲಿಯದ ಗಾಸ್ಫರ್ಡ್ ಎಂಬ ಊರಿನಲ್ಲಿ ಯುವತಿಯೊಬ್ಬಳು ಕಿವಿಗೆ ಇಯರ್‌ಫೋನ್ ಧರಿಸಿದ್ದಂತೆಯೇ ಸತ್ತುದು ಕಂಡುಬಂತು. ಸಂಶಯ ಹೋದುದು ಅನುಮತಿಯಿಲ್ಲದ ಅಗ್ಗದ ಚಾರ್ಜರಿನ ಮೇಲೆ. ಅಲ್ಲಿನ ಸರ್ಕಾರ ಅಂಥವನ್ನು ಬಳಸಬಾರದೆಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಎರಡು ವರ್ಷಗಳ ತರುವಾಯ, ಅಮೆರಿಕದ ಯು.ಎಲ್. ಎಂಬ ಪರೀಕ್ಷಾ ಸಂಸ್ಥೆಯವರು ಹೆಸರಾಂತ ಕಂಪನಿಯೊಂದರ ಮುದ್ರೆಯನ್ನು ಕದ್ದು ತಯಾರಿಸಿದ 400 ಚಾರ್ಜರುಗಳನ್ನು ಪರೀಕ್ಷಿಸಿದರು. ತೇರ್ಗಡೆಯಾದುವು ಮೂರು.

“ಮನೆಯಲ್ಲಿ ಫ್ಯೂಸಿದೆಯಲ್ಲ, ಎಂಸಿಬಿ ಇದೆಯಲ್ಲ” ಎಂದು ಕೆಲವರು ಧೈರ್ಯದಿಂದಿರುತ್ತಾರೆ. ಅವು ಕಾಯುವುದು ಗೋಡೆಯ ತಂತಿಯನ್ನು, ಮನುಷ್ಯನನ್ನಲ್ಲ. 60 ವಾಟಿನ ಹಳೆಯ ಬಲ್ಬು ಎಳೆದುಕೊಳ್ಳುವ ವಿದ್ಯುತ್ ಪ್ರವಾಹದ ಎಂಟರಲ್ಲೊಂದು ಪಾಲು, ಎಂದರೆ ಸುಮಾರು 30 ಮಿಲಿಆಂಪಿಯರು, ಎದೆಯ ಮೂಲಕ ಹರಿದರೂ ಪ್ರಾಣಕ್ಕೆ ಕುತ್ತು ಬರಬಹುದು. ಆರು ಆಂಪಿಯರಿನ ಎಂಸಿಬಿಗೆ ಅದು ಲೆಕ್ಕಕ್ಕೇ ಬಾರದು. ಅಷ್ಟು ಅಲ್ಪ ಸೋರಿಕೆಯನ್ನೂ ಗುರುತಿಸಿ ಸಂಪರ್ಕವನ್ನು ಕಡಿಯತಕ್ಕದ್ದು ಆರ್‌ಸಿಸಿಬಿ ಎಂಬ ಬೇರೊಂದು ಉಪಕರಣ. ಅದನ್ನು ಹಾಕಿಸದ ಮನೆಗಳು ಇನ್ನೂ ಬಹಳವಿವೆ.

ನೀರು ಕಾಯಿಸುವ ಕಾಯಿಲು, ಇಸ್ತ್ರಿಪೆಟ್ಟಿಗೆ ಮೊದಲಾದುವುಗಳಲ್ಲಿ ಮೋಸವಿರುವುದು ತಂತಿಯಲ್ಲಿ. 1500 ವಾಟಿನ ಕಾಯಿಲು ಆರೂವರೆ ಆಂಪಿಯರು ಎಳೆಯುತ್ತದೆ. ತಾಮ್ರದ ಬದಲು ತಾಮ್ರ ಬಳಿದ ಕಬ್ಬಿಣದ ಎಳೆಗಳಿದ್ದರೆ ತಡೆ ಹಲವು ಪಟ್ಟು ಏರಿ, ನೀರಿನೊಡನೆ ತಂತಿಯೂ ಕಾಯತೊಡಗುತ್ತದೆ. ಅಯಸ್ಕಾಂತವನ್ನು ಹಿಡಿದರೆ ಕಬ್ಬಿಣ ಸಿಕ್ಕಿಬೀಳುತ್ತದೆ. ಅಲ್ಯುಮಿನಿಯಮ್ಮಿಗೆ ತಾಮ್ರ ಬಳಿದಿದ್ದರೆ ಈ ಉಪಾಯ ನಡೆಯದು. ಎಳೆಯ ತುದಿಯನ್ನು ಕೆರೆದು ಒಳಗಿನ ಬಿಳುಪನ್ನು ನೋಡಬೇಕು.

ಒಳ್ಳೆಯ ಸಾಮಾನೂ ಊರು ಬದಲಾದರೆ ಕೆಟ್ಟದಾಗುವುದುಂಟು. ಅಮೆರಿಕದಲ್ಲಿರುವ ಮಗನೋ ಮಗಳೋ ಪ್ರೀತಿಯಿಂದ ತಂದುಕೊಟ್ಟ, 120 ವೋಲ್ಟಿನ ಅನ್ನದ ಕುಕ್ಕರನ್ನು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಹುಟ್ಟುವ ಶಾಖ ಮೂರೂವರೆ ಪಟ್ಟಿಗಿಂತ ಹೆಚ್ಚು. ಜರ್ಮನಿಯ ಪ್ಲಗ್ಗು ಎಲ್ಲ ಬಗೆಯ ಪಿನ್ನುಗಳನ್ನೂ ಒಪ್ಪುವ ನಮ್ಮ ಸಾಕೆಟ್ಟುಗಳೊಳಗೆ ಹೊಕ್ಕರೂ, ಅದರ ಅರ್ತಿಂಗಿನ ಪಟ್ಟಿಗಳು ಪಕ್ಕದಲ್ಲಿರುವುದರಿಂದ ಭೂಮಿಯ ಸಂಪರ್ಕ ಮಾತ್ರ ದೊರೆಯುವುದಿಲ್ಲ.

ಹಾಗಾದರೆ ನೋಡಬೇಕಾದುದೇನು? ಇಸ್ತ್ರಿಪೆಟ್ಟಿಗೆ, ಕಾಯಿಲುಗಳ ಮೇಲೆ ಐಎಸ್‌ಐ ಗುರುತನ್ನು ನೋಡಬೇಕು. ಅದರ ಮೇಲೆ ಮಾನಕದ ಸಂಖ್ಯೆ, ಕೆಳಗೆ ಲೈಸೆನ್ಸಿನ ಸಂಖ್ಯೆ ಇರಬೇಕು. ಸಂಖ್ಯೆಯಿಲ್ಲದ ಗುರುತು ಬರಿಯ ಚಿತ್ರ. ಚಾರ್ಜರಿನ ಮೇಲೆ ‘ಆರ್’ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯಿರುತ್ತದೆ. ಭಾರತೀಯ ಮಾನಕ ಬ್ಯೂರೋದವರ ‘ಬಿಐಎಸ್ ಕೇರ್’ ಎಂಬ ಆ್ಯಪಿನಲ್ಲಿ ಈ ಸಂಖ್ಯೆಗಳನ್ನು ಕೊಟ್ಟು, ಅವು ಯಾರ ಹೆಸರಿನಲ್ಲಿವೆಯೆಂದು ಅಂಗಡಿಯಲ್ಲಿ ನಿಂತೇ ತಿಳಿಯಬಹುದು. ಅನೇಕರು ನಂಬುವ ‘ಸಿಇ’ ಎಂಬ ಯೂರೋಪಿನ ಗುರುತಾದರೋ, ಬಹುಪಾಲು ಇಂಥ ಸಾಮಾನುಗಳ ಮಟ್ಟಿಗೆ ತಯಾರಕನು ತಾನೇ ಮಾಡಿಕೊಂಡ ಘೋಷಣೆ. ಬೇರೆಯವರು ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರವಲ್ಲ.

ಇನ್ನೊಂದು ಮಾತು. ಮುಟ್ಟಿದರೆ ಜುಮ್ಮೆನ್ನುವ, ಸುಟ್ಟ ವಾಸನೆ ಬರುವ ಸಾಮಾನನ್ನು ಮನೆಗೆಲಸದವರಿಗೋ ಕಾವಲುಗಾರನಿಗೋ ಕೊಟ್ಟು ಹೊಸದನ್ನು ತರುವ ವಾಡಿಕೆ ನಮ್ಮ ನಗರಗಳಲ್ಲಿದೆ. ಅವರ ಮನೆಯಲ್ಲಿ ಬಹುಶಃ ಅರ್ತಿಂಗೂ ಇರುವುದಿಲ್ಲ, ಆರ್‌ಸಿಸಿಬಿಯೂ ಇರುವುದಿಲ್ಲ. ಅಂಥ ಸಾಮಾನನ್ನು ಪ್ಲಗ್ಗಿನಿಂದ ಕಿತ್ತು, ತಂತಿಯನ್ನು ಬುಡದಲ್ಲೇ ಕತ್ತರಿಸಿ, ಮತ್ತೆ ಯಾರೂ ಬಳಸಲಾಗದಂತೆ ಮಾಡಿಯೇ ಹೊರಗೆ ಹಾಕಬೇಕು.